ಯಾರೂ ಇಡದ ಫೋನು

ಟೆಲಿಫೋನ್ ಇಲಾಖೆಯಲ್ಲಿ ನಾನು ಮೂವತ್ತಾರು ವರ್ಷ ಲೈನು ಎಳೆದವನು. ತರೀಕೆರೆಯಿಂದ ಕಡೂರಿನವರೆಗೆ ನಾನು ಹತ್ತದ ಕಂಬವಿಲ್ಲ, ನನ್ನನ್ನು ಬೈಯದ ಗ್ರಾಹಕನಿಲ್ಲ. ನಿವೃತ್ತನಾಗಿ ಅಜ್ಜಂಪುರದಲ್ಲಿ ಮನೆ ಮಾಡಿಕೊಂಡು ಕೂತ ಮೇಲೂ ಜನ ನನ್ನನ್ನು ‘ಟೆಲಿಫೋನ್ ಚಂದ್ರಣ್ಣ’ ಎಂದೇ ಕರೆಯುತ್ತಾರೆ. ಮೊಬೈಲು ಬಂದ ಮೇಲೆ ಆ ಬಿರುದಿನ ಬೆಲೆ ಸ್ವಲ್ಪ ಇಳಿದಿದೆ, ಅಷ್ಟೇ. ಹೀಗಿರುವಾಗ ಭಾರತೀಯ ವಿಮಾನಯಾನ ಕ್ಷೇತ್ರವು ನನ್ನ ಸೇವೆಯನ್ನು ಬಯಸಿ ಮನೆ ಬಾಗಿಲಿಗೆ ಬಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡವಾಗಿ ಯಾಕೆ ಬಂತು ಅಂತಲೇ ಅನ್ನಿಸಿದ್ದು!

ಬಂದವರು ವಿಕ್ರಮ್ ಎಂಬ ಮ್ಯಾನೇಜರು. ಸುಡುಬಿಸಿಲಲ್ಲೂ ಟೈ ಕಟ್ಟಿದ್ದರು. ಅವರ ಕಂಪನಿ ಊರೂರಿಗೆ ಹೆಲಿಕಾಪ್ಟರ್ ತಂದು ಜನರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತದೆ. ಬರುವ ಭಾನುವಾರ ಅಜ್ಜಂಪುರದ ಮೈದಾನದಲ್ಲಿ ಹತ್ತು ಸುತ್ತು. ಆದರೆ ಪ್ರತಿ ಸಲ ಹೆಲಿಕಾಪ್ಟರ್ ಏಳುವ ಮೊದಲು ದೂರದ ವಿಮಾನ ನಿಲ್ದಾಣದ ಕಂಟ್ರೋಲ್ ರೂಮಿನಿಂದ ಅನುಮತಿ ಬರಬೇಕು. ನೆಲದ ಮೇಲೆ ನಿಂತಿರುವಾಗ ಪೈಲಟ್‌ನ ರೇಡಿಯೋ ಅಲ್ಲಿಗೆ ಮುಟ್ಟುವುದಿಲ್ಲ. ಜನ ಕಿಕ್ಕಿರಿದರೆ ಮೊಬೈಲ್ ನೆಟ್‌ವರ್ಕ್ ಕೈ ಕೊಡುತ್ತದೆ. ಮೇಲಾಗಿ, ಅನುಮತಿ ಸಿಕ್ಕಿದ್ದು ಹೆಲಿಪ್ಯಾಡಿಗೆ, ಗೇಟಿನ ಪೊಲೀಸರಿಗೆ, ಆಂಬುಲೆನ್ಸಿನವರಿಗೆ, ಬೆಂಕಿ ಆರಿಸುವ ಗಾಡಿಯವರಿಗೆ, ಹೀಗೆ ನಾಲ್ಕು ಕಡೆಗೂ ಒಂದೇ ಸಲ ಕೇಳಿಸಬೇಕಂತೆ.

“ಒಂದು ಲೈನು, ನಾಲ್ಕು ಫೋನು. ಯಾರು ಎತ್ತಿದ್ರೂ ಎಲ್ರಿಗೂ ಕೇಳುತ್ತೆ. ಇದಕ್ಕೆ ಇಷ್ಟು ಯೋಚ್ನೆ ಯಾಕ್ರೀ?” ಎಂದೆ ನಾನು.

“ಫೀಸು ಎಷ್ಟು ಸರ್?”

“ಫೀಸು ಬೇಡ. ನನ್ನ ಹೆಂಡ್ತಿಗೆ ಒಂದು ಸೀಟು ಕೊಡಿ.”

ಈ ಔದಾರ್ಯಕ್ಕೆ ಕಾರಣವಿತ್ತು. ನನ್ನ ಹೆಂಡತಿ ಸರೋಜಳ ತವರು ಚೌಳಹಿರಿಯೂರು. ಚಿಕ್ಕವಳಿದ್ದಾಗ ಅವಳೂ, ಈಗಲೂ ಅಲ್ಲೇ ಇರುವ ಅವಳ ಅಕ್ಕ ಗೌರಕ್ಕನೂ ಹಿತ್ತಲಲ್ಲಿ ನಿಂತು, ಮೇಲೆ ಹೋಗುವ ವಿಮಾನಕ್ಕೆಲ್ಲ ಕೈ ಬೀಸುತ್ತಿದ್ದರಂತೆ. ಒಂದು ಸಲವಾದರೂ ಮೇಲಿನಿಂದ ಕೆಳಗೆ ನೋಡಿ ಅಕ್ಕನಿಗೆ ಕೈ ಬೀಸಬೇಕು ಎಂಬುದು ಅವಳ ಐವತ್ತು ವರ್ಷದ ಆಸೆ. ನಾನು ಮದುವೆಯಾದ ಹೊಸದರಲ್ಲಿ “ಕರ್ಕೊಂಡು ಹೋಗ್ತೀನಿ ಬಿಡು” ಎಂದಿದ್ದೆ. ಹೊಸದರಲ್ಲಿ ಎಲ್ಲ ಗಂಡಂದಿರೂ ಏನೇನೋ ಹೇಳುತ್ತಾರೆ. ಆದರೆ ಇವಳು ಮರೆತಿರಲಿಲ್ಲ.

ವಿಕ್ರಮ್ ಸಾಹೇಬರು ಒಪ್ಪಿದರು. ಸರೋಜಳಿಗೆ ಕೊನೆಯ ಸುತ್ತಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಕಿಟಕಿ ಪಕ್ಕದ ಸೀಟು. ಹೆಲಿಕಾಪ್ಟರ್ ಚೌಳಹಿರಿಯೂರಿನ ಮೇಲೇ ತಿರುಗಿ ವಾಪಸು ಬರುತ್ತದೆ. ಅವತ್ತೇ ಸರೋಜ ಅಕ್ಕನಿಗೆ ಫೋನ್ ಮಾಡಿ, “ಮೂರು ಗಂಟೆಗೆ ತಾರಸಿ ಮೇಲೆ ನಿಂತ್ಕೊಂಡಿರು ಕಣೇ. ನಿದ್ದೆ ಮಾಡ್ಬಿಟ್ಟೀಯ!” ಎಂದು ಎಚ್ಚರಿಸಿದಳು.

ಶನಿವಾರ ಲೈನು ಎಳೆದೆ. ಎಕ್ಸ್‌ಚೇಂಜಿನಿಂದ ಒಂದು ಜೋಡಿ ತಂತಿ ತಂದು ನಾಲ್ಕು ಕಡೆ ಹಂಚಿ, ನಾಲ್ಕು ಹಳೆಯ ಫೋನು ಕೂರಿಸಿದೆ. ಸಂಜೆ ಪರೀಕ್ಷೆಯೂ ಆಯಿತು. ಪೊಲೀಸ್ ಕಡೆಯಿಂದ ಹೆಡ್ ಕಾನ್ಸ್‌ಟೇಬಲ್ ಕರಿಯಪ್ಪ, ಆಂಬುಲೆನ್ಸಿನಿಂದ ಡ್ರೈವರ್ ನಜೀರ್, ತರೀಕೆರೆಯಿಂದ ಬಂದ ಬೆಂಕಿ ಗಾಡಿಯಿಂದ ಶಿವಣ್ಣ, ಹೆಲಿಪ್ಯಾಡಿನಿಂದ ನಾನು. ನಾಲ್ವರೂ ಮಾತಾಡಿದೆವು. ಪರೀಕ್ಷೆ ಮುಕ್ಕಾಲು ಗಂಟೆ ನಡೆಯಿತು. ಲೈನು ಅಷ್ಟು ಚೆನ್ನಾಗಿದೆ ಎಂದು ನಾನು ಹೆಮ್ಮೆಪಟ್ಟೆ. ಎರಡು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಯಾಕೆ ಹಿಡಿಯಿತು ಎಂದು ಯೋಚಿಸಬೇಕಾದ ತಲೆ ಆಗ ಹಾರ ಹಾಕಿಸಿಕೊಳ್ಳಲು ಬಗ್ಗಿತ್ತು!

ಭಾನುವಾರ ಬೆಳಗ್ಗೆ ಹತ್ತು ಗಂಟೆ. ಮೈದಾನದಲ್ಲಿ ಜನವೋ ಜನ. ಹೆಲಿಕಾಪ್ಟರಿನಲ್ಲಿ ಮೊದಲ ನಾಲ್ವರು ಬೆಲ್ಟ್ ಬಿಗಿದು ಕೂತಿದ್ದರು. ಫೋನು ಟ್ರಿಣ್ ಎಂದಿತು. ನಾಲ್ಕು ಕಡೆಯೂ ಟ್ರಿಣ್ ಎಂದಿತು. ನಾಲ್ವರೂ ಎತ್ತಿದೆವು.

“ಕಂಟ್ರೋಲ್ ರೂಮ್. ನಿಮ್ಮ ಮೊದಲ ಹಾರಾಟ...”

“ನಮಸ್ಕಾರ ಸಾರ್!” ಎಂದರು ಕರಿಯಪ್ಪ.

“ನಮಸ್ಕಾರ ಸಾರ್, ತಿಂಡಿ ಆಯ್ತಾ?” ಎಂದ ಶಿವಣ್ಣ.

ಆ ಕಡೆಯ ಅಧಿಕಾರಿಗಳು ಗಟ್ಟಿ ಮನುಷ್ಯರೇ ಇರಬೇಕು. ಆದರೆ ಎಷ್ಟು ಗಟ್ಟಿಯಾದರೂ ಕನ್ನಡದವರು. ಬಾಯಿ ತಪ್ಪಿ, “ಇಲ್ರೀ, ಇನ್ನೂ ಆಗಿಲ್ಲ,” ಎಂದುಬಿಟ್ಟರು.

ಅಯ್ಯೋ! ಹತ್ತು ಗಂಟೆಯಾದರೂ ಒಬ್ಬ ಮನುಷ್ಯ ತಿಂಡಿ ತಿಂದಿಲ್ಲ ಎಂದರೆ ನಮ್ಮ ಕಡೆ ಸುಮ್ಮನಿರುವುದುಂಟೇ? “ಗ್ಯಾಸ್ ಆಗುತ್ತೆ ಸಾರ್,” ಎಂದರು ಕರಿಯಪ್ಪ. “ಎರಡು ಬಾಳೆಹಣ್ಣಾದ್ರೂ ತಿನ್ನಿ ಸಾರ್,” ಎಂದ ನಜೀರ್. ನಾನೂ ಸುಮ್ಮನಿದ್ದರೆ ಸೊಕ್ಕು ಎಂದುಕೊಂಡಾರು ಎಂದು, “ಮನೆಯಲ್ಲಿ ಎಲ್ಲರೂ ಆರೋಗ್ಯವಾ ಸಾರ್?” ಎಂದು ಕೇಳಿದೆ. ಒಂದೇ ಲೈನಿಗೆ ನಾಲ್ಕು ಫೋನು ಎತ್ತಿದರೆ ದನಿ ನೀರು ಬೆರೆಸಿದ ಮಜ್ಜಿಗೆಯ ಹಾಗೆ ತೆಳ್ಳಗಾಗುತ್ತದೆ. ಇದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು. ನೆನಪಾಗಲಿಲ್ಲ! ಎಲ್ಲರೂ ಕಿರುಚತೊಡಗಿದೆವು. ಆ ಗದ್ದಲದಲ್ಲಿ ಅನುಮತಿ ಬಂದಿದ್ದು ಯಾರಿಗೂ ಕೇಳಿಸಲಿಲ್ಲ. ಅವರು ಮೂರನೆಯ ಸಲ ಕೂಗಿ ಹೇಳಿದಾಗ ಹೆಲಿಕಾಪ್ಟರ್ ಎದ್ದಿತು.

ನಿಜವಾದ ಅನಾಹುತ ಅಲ್ಲಿಂದಾಚೆಗೆ. ಅಧಿಕಾರಿಗಳು, “ಈಗ ಎಲ್ಲರೂ ಫೋನ್ ಇಡಿ. ಮುಂದಿನ ಹಾರಾಟಕ್ಕೆ ನಾನೇ ಮಾಡ್ತೀನಿ,” ಎಂದು ಹೇಳಿ ಇಟ್ಟರು. ನಾವು ನಾಲ್ವರು ಉಳಿದೆವು.

“ಸರಿ, ಹಂಗಾರೆ ಇಡ್ಲಾ?” ಎಂದ ನಜೀರ್.

“ಹ್ಞೂಂ, ಇಡಿ,” ಎಂದರು ಕರಿಯಪ್ಪ.

“ನೀವು ಇಡಿ ಸಾರ್, ಆಮೇಲೆ ನಾನು ಇಡ್ತೀನಿ.”

“ಚಂದ್ರಣ್ಣ ದೊಡ್ಡೋರು, ಅವರು ಇಡ್ಲಿ ಮೊದ್ಲು.”

“ಛೇ ಛೇ, ಪೊಲೀಸ್ನೋರು ಲೈನಲ್ಲಿರ್ಬೇಕಾದ್ರೆ ನಾನು ಹೆಂಗೆ ಇಡ್ಲಿ?” ಎಂದೆ ನಾನು.

“ಮತ್ತೆ ಇನ್ನೇನ್ ಸಮಾಚಾರ?” ಎಂದ ಶಿವಣ್ಣ.

ನಮ್ಮ ಕಡೆ ದೊಡ್ಡವರ ಕಿವಿಗೆ ಫೋನು ಕುಕ್ಕುವುದು ಸಣ್ಣ ಅಪರಾಧವಲ್ಲ. ಇಬ್ಬರಿದ್ದರೆ ಹೇಗೋ ಮೂರು ಸಲ ‘ಸರಿ’ ಅಂದು, ಎರಡು ಸಲ ‘ಮತ್ತೆ’ ಅಂದು ಮುಗಿಯುತ್ತದೆ. ನಾಲ್ವರಾದರೆ ಮುಗಿಯುವುದೇ ಇಲ್ಲ. ಒಬ್ಬರು ಎತ್ತಿ ಹಿಡಿದಿದ್ದರೂ ಲೈನು ಎಂಗೇಜು. ಕಂಟ್ರೋಲ್ ರೂಮಿನವರು ಹನ್ನೊಂದಕ್ಕೆ ಮಾಡಿದರೂ ಎಂಗೇಜು, ಹನ್ನೊಂದೂವರೆಗೆ ಮಾಡಿದರೂ ಎಂಗೇಜು! ಅಷ್ಟರಲ್ಲಿ ನಮಗೆ ಶಿವಣ್ಣನ ಮಂಡಿನೋವಿನ ಸಂಪೂರ್ಣ ವೃತ್ತಾಂತ ತಿಳಿದಿತ್ತು.

ವಿಕ್ರಮ್ ಟೈ ಸಡಿಲಿಸಿಕೊಂಡು ಓಡಿ ಬಂದರು. ನಾನು ಕೂಡಲೇ ಒಂದು ಸುತ್ತೋಲೆ ಹೊರಡಿಸಿದೆ: “ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಲೈನಿನಲ್ಲಿ ಕ್ಷೇಮ ಸಮಾಚಾರ, ತಿಂಡಿ ತೀರ್ಥ, ಮಂಡಿನೋವು ಇತ್ಯಾದಿಗಳನ್ನು ನಿಷೇಧಿಸಲಾಗಿದೆ.” ಮೂರು ಪ್ರತಿ ಬರೆದು ಕಳಿಸಿದೆ. ನಜೀರ್ ನಕ್ಕ. ಶಿವಣ್ಣ ಬೇಜಾರು ಮಾಡಿಕೊಂಡ. ಕರಿಯಪ್ಪನವರಿಗೆ ಕೋಪ ಬಂತು. ಫೋನನ್ನು ಮೇಜಿನ ಮೇಲೆ ಹಾಗೇ ಮಲಗಿಸಿ, ಮೈದಾನ ದಾಟಿ ನನ್ನ ಹತ್ತಿರಕ್ಕೇ ನಡೆದು ಬಂದರು.

“ಏನ್ ಚಂದ್ರಣ್ಣ, ನಮ್ಮನ್ನ ಮಾತಾಡ್ಸೋದೇ ಬೇಡ್ವಾ? ನಾನೇನು ನಿಮ್ ಆಳಾ? ಇಪ್ಪತ್ತು ವರ್ಷದ ಸ್ನೇಹ ಕಣ್ರೀ!”

“ಅಲ್ಲ ಸಾರ್, ಫೋನು...”

“ಫೋನು ಇರ್ಲಿ ಬಿಡ್ರೀ. ಮನುಷ್ಯತ್ವ ಮುಖ್ಯ!”

ಫೋನು ಇತ್ತು. ಮೇಜಿನ ಮೇಲೇ ಇತ್ತು. ಎಂಗೇಜಾಗಿ! ಅವರನ್ನು ಸಮಾಧಾನ ಮಾಡಿ, ಟೀ ಕುಡಿಸಿ ವಾಪಸು ಕಳಿಸುವಷ್ಟರಲ್ಲಿ ಇನ್ನೊಂದು ಗಂಟೆ ಹೋಯಿತು. ಇನ್ನು ವಿಜ್ಞಾನವೇ ಗತಿ ಎಂದು ಇಕ್ಕಳ ಹಿಡಿದು ಪೊಲೀಸಿನವರ ತಂತಿ ಕತ್ತರಿಸಲು ಹೋದೆ. ಆತುರದಲ್ಲಿ ನನ್ನದನ್ನೇ ಕತ್ತರಿಸಿಕೊಂಡೆ. ಅದನ್ನು ಮತ್ತೆ ಸೇರಿಸುವಷ್ಟರಲ್ಲಿ ಎರಡು ಗಂಟೆ. ಹತ್ತು ಸುತ್ತಿನಲ್ಲಿ ಮುಗಿದಿದ್ದು ಒಂದೇ. ಟಿಕೆಟ್ ತೆಗೆದುಕೊಂಡವರು ನನ್ನ ಮನೆತನದ ಮೂರು ತಲೆಮಾರನ್ನು ನೆನೆಯುತ್ತಿದ್ದರು.

ಆಗ ಬಂದಳು ಸರೋಜ. ಮಗಳ ಮದುವೆಗೆ ಉಟ್ಟ ರೇಷ್ಮೆ ಸೀರೆ, ತಲೆಗೆ ಹೂವು. ನನ್ನ ಮುಖ ನೋಡಿದಳು.

“ಏನ್ರೀ ಇದು? ಹೆಲಿಕಾಪ್ಟರ್ ಯಾಕೆ ಎಮ್ಮೆ ಹಂಗೆ ನಿಂತೈತೆ?”

ನಾನು ರಿಸೀವರ್ ಕಿವಿಯಲ್ಲಿ ಹಿಡಿದೇ ವಿಷಯ ಹೇಳಿದೆ. ಆಗಲೂ ಲೈನಿನಲ್ಲಿ ನಾಲ್ವರೂ ಇದ್ದೆವು. ‘ನೀವು ಇಡಿ’, ‘ನೀವು ಇಡಿ’ ನಡೆದೇ ಇತ್ತು.

“ಕೊಡಿ ಇಲ್ಲಿ,” ಎಂದು ಕಿತ್ತುಕೊಂಡಳು. “ಕರಿಯಪ್ಪನೋರೇ, ನಜೀರಣ್ಣ, ಶಿವಣ್ಣ, ನಾನು ಸರೋಜ. ಈಗ ಒಂದು, ಎರಡು, ಮೂರು ಅಂತೀನಿ. ಮೂರು ಅಂದ ತಕ್ಷಣ ಎಲ್ರೂ ಒಟ್ಟಿಗೆ ಇಡೋದು. ಯಾರೂ ಮೊದ್ಲಿಲ್ಲ, ಯಾರೂ ಕೊನೆಗಿಲ್ಲ. ಯಾರಿಗೂ ಅವಮಾನ ಇಲ್ಲ. ಒಂದು... ಎರಡು... ಮೂರು!”

ಟಕ್!

ಅರ್ಧ ನಿಮಿಷವೂ ಆಗಿರಲಿಲ್ಲ, ಫೋನು ಬಡಿದುಕೊಂಡಿತು. ಕಂಟ್ರೋಲ್ ರೂಮಿನವರು ಮೂರು ತಾಸಿನ ಸಿಟ್ಟನ್ನೆಲ್ಲ ಒಟ್ಟಿಗೆ ಹೊರಹಾಕಿದರು. ಸರೋಜ ಪೂರ್ತಿ ಕೇಳಿಸಿಕೊಂಡು, “ಆಯ್ತು ಸಾರ್. ಈಗ ಹೆಲಿಕಾಪ್ಟರ್ ಬಿಡ್ಲಾ?” ಎಂದಳು. ಬಿಟ್ಟರು! ಅಲ್ಲಿಂದ ಒಂದರ ಹಿಂದೊಂದು ಸುತ್ತು ಸರಸರ ಮುಗಿದವು. ನಾನು ಮಧ್ಯೆ ಮಧ್ಯೆ ತಾಂತ್ರಿಕ ಸಲಹೆ ಕೊಡಲು ಹೋದೆ. “ಸ್ವಲ್ಪ ಆಚೆ ನಿಂತ್ಕೊಳ್ಳಿ, ಕೇಳ್ಸಲ್ಲ,” ಎಂದಳು. ನಿಂತುಕೊಂಡೆ.

ಕೊನೆಯ ಸುತ್ತಿನ ಹೊತ್ತಿಗೆ ಐದಕ್ಕೆ ಹತ್ತು ನಿಮಿಷ. ಐದರ ಮೇಲೆ ಅನುಮತಿ ಇಲ್ಲ. ಗೌರಕ್ಕ ಮೂರರಿಂದಲೂ ತಾರಸಿ ಮೇಲೇ ಇದ್ದಳು. ಸರೋಜ ಸೆರಗು ಸರಿ ಮಾಡಿಕೊಂಡು ರಿಸೀವರನ್ನು ನನ್ನ ಕೈಗೆ ಕೊಟ್ಟಳು. ನಾನು ಗಂಟಲು ಸರಿಪಡಿಸಿಕೊಂಡೆ.

“ಹಲೋ ಸಾರ್, ನಾನು ಚಂದ್ರಣ್ಣ, ಹೆಲಿಪ್ಯಾಡಿನಿಂದ.”

“ಯಾರು? ಬೆಳಗ್ಗೆ ನಮ್ಮನೆಯವರ ಆರೋಗ್ಯ ಕೇಳಿದವರಾ?”

“ಹೌದು ಸಾರ್.”

“ಆ ಹೆಣ್ಣುಮಗಳನ್ನ ಕರೀರಿ. ಅವರು ಫೋನ್ ಹತ್ರ ಇದ್ರೆ ಅನುಮತಿ. ಇಲ್ಲಾಂದ್ರೆ ಇಲ್ಲ.”

ನಾನು ಬೇಡಿಕೊಂಡೆ. ವಿಕ್ರಮ್ ಬೇಡಿಕೊಂಡರು. ಆ ಕಡೆಯವರು ಜಗ್ಗಲಿಲ್ಲ. ಹೆಲಿಕಾಪ್ಟರಿನಲ್ಲಿ ಆಗಲೇ ಮೂವರು ಕೂತಿದ್ದರು. ಅದರಲ್ಲೊಬ್ಬಳು ಎಂಬತ್ತು ದಾಟಿದ ಅಜ್ಜಿ, ಬೆಳಗ್ಗೆಯಿಂದ ಬಿಸಿಲಲ್ಲಿ ಕಾದವಳು. ಸರೋಜ ಆ ಅಜ್ಜಿಯನ್ನು ನೋಡಿದಳು, ಗಡಿಯಾರ ನೋಡಿದಳು, ನನ್ನನ್ನು ನೋಡಲಿಲ್ಲ. ರಿಸೀವರ್ ತೆಗೆದುಕೊಂಡಳು. ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಅಷ್ಟು ನಾಚಿಕೆಯಾದದ್ದಿಲ್ಲ.

“ಸೀಟು ಖಾಲಿ ಬಿಡೋ ಹಾಗಿಲ್ಲ, ತೂಕದ ಲೆಕ್ಕ ಬರೆದಾಗಿದೆ. ಸರ್, ನೀವೇ ಹತ್ತಿ!” ಎಂದರು ವಿಕ್ರಮ್.

“ಹೋಗ್ಬನ್ನಿ,” ಎಂದಳು ಸರೋಜ. “ಅಕ್ಕಂಗೆ ನನ್ ಬದ್ಲು ನೀವೇ ಕೈ ಬೀಸಿ. ನಮ್ಮೂರು ಹೆಂಗೆ ಕಾಣುತ್ತೆ ಅಂತ ಸರ್ಯಾಗಿ ನೋಡ್ಕೊಂಡು ಬಂದು ಹೇಳಿ.”

ಇಲ್ಲೊಂದು ಸತ್ಯ ಒಪ್ಪಿಕೊಳ್ಳಬೇಕು. ಕಂಬ ಹತ್ತುವವನಿಗೆ ಹಿಡಿದುಕೊಳ್ಳಲು ಕಂಬ ಇರುತ್ತದೆ. ಹೆಲಿಕಾಪ್ಟರಿನಲ್ಲಿ ಏನಿದೆ? ರೆಕ್ಕೆ ತಿರುಗುವ ಮೊದಲೇ ನಾನು ಕಣ್ಣು ಮುಚ್ಚಿದೆ. ಹೊಟ್ಟೆ ಕೆಳಗುಳಿದು ಮಿಕ್ಕಿದ್ದು ಮಾತ್ರ ಮೇಲೆ ಹೋಯಿತು. ಪಕ್ಕದ ಅಜ್ಜಿ “ಅಯ್ಯೋ, ಎಷ್ಟು ಚಂದ!” ಎಂದು ಚಪ್ಪಾಳೆ ತಟ್ಟುತ್ತಿದ್ದಳು. ನಾನು ಯಾವುದೋ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅದು ಅಜ್ಜಿಯ ಕೈ ಎಂದು ಇಳಿದ ಮೇಲೆ ತಿಳಿಯಿತು.

ಸರೋಜ ಕಾಯುತ್ತಿದ್ದಳು. “ಕಾಣ್ತಾ ನಮ್ಮೂರು?” ಎಂದು ಕೇಳಿದಳು. ಆ ಮುಖ ನೋಡಿ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

“ಕಾಣ್ದೆ ಏನು! ಬೀದಿ ಬೀದಿ ಕಾಣ್ತು. ನಿಮ್ಮನೆ ತಾರಸಿ ಮೇಲೆ ಗೌರಕ್ಕ ನಿಂತಿದ್ರು. ನಾನು ಕೈ ಬೀಸ್ದೆ, ಅವರೂ ಎರಡೂ ಕೈಲಿ ಬೀಸಿದ್ರು. ಕಣ್ಣಲ್ಲಿ ನೀರು ಬಂದ್ಬಿಡ್ತು ಕಣೇ!”

ಸರೋಜ ಬಗ್ಗಿ ತಂತಿ ಸುತ್ತತೊಡಗಿದಳು.

“ಚೌಳಹಿರಿಯೂರು ಕಡೆ ಮೋಡ ಕಟ್ಟೈತೆ, ಅಮೃತಾಪುರದ ಕಡೆ ಒಂದು ಸುತ್ತು ಹಾಕ್ಸಿ ಸಾಕು ಅಂತ ನೀವು ಹತ್ತಿದ್ಮೇಲೆ ಕಂಟ್ರೋಲಿನೋರು ಹೇಳಿದ್ರು,” ಎಂದಳು. “ಪೈಲಟ್‌ಗೆ ಚೀಟಿ ಬರ್ದು ಕಳ್ಸಿದ್ದೇ ನಾನು. ಅಕ್ಕಂಗೂ ಫೋನ್ ಮಾಡ್ಸಿ, ಕೆಳಗಿಳ್ಕೊಳ್ಳೇ ಅಂತ ಆಗ್ಲೇ ಹೇಳ್ಸಿದ್ದೆ.”

ನಾನು ಪಾರಾಗಲು ಒಂದು ದಾರಿ ಹುಡುಕಿದೆ. “ಹಂಗಾರೆ ನೀನು ಹೋಗಿದ್ರೂ ನಿಮ್ಮೂರು ಕಾಣ್ತಿರ್ಲಿಲ್ಲ ಬಿಡು!”

“ಮೂರು ಗಂಟೇಲಿ ಮೋಡ ಇರ್ಲಿಲ್ಲ ಕಣ್ರೀ.”

ಇಬ್ಬರೂ ತಂತಿ ಸುತ್ತಿಕೊಂಡು ಮನೆಯ ದಾರಿ ಹಿಡಿದೆವು. ಅರ್ಧ ದಾರಿಯಲ್ಲಿ ಅವಳೇ ಕೇಳಿದಳು.

“ಹೋಗ್ಲಿ, ಅಮೃತಾಪುರನಾದ್ರೂ ಹೆಂಗೆ ಕಾಣ್ತು? ಕಣ್ಣು ಬಿಟ್ಟಿದ್ರಾ ಇಲ್ವಾ, ಅಷ್ಟಾದ್ರೂ ನಿಜ ಹೇಳಿ.”

“ಬಿಟ್ಟೆ ಕಣೇ,” ಎಂದೆ. “ಇಳಿದ್ಮೇಲೆ.”