ಸೋಪಿನೊಳಗಿನ ಮಾಲಕ

"ಇನ್ನ ಮ್ಯಾಲ ರೋಣದ ಮಂದಿ ಪರವೂರಿನ ಸೋಪ ಮುಟ್ಟಿದ್ರ ಕೇಳು! ಬರದ ಇಟ್ಕೋ!"

ಗದಗಿನ ಸಾಬೂನು ತರಬೇತಿ ಶಿಬಿರದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಗುರುಸಂಗಪ್ಪ ಹೀಗೆ ಘೋಷಿಸಿದ. ಹೆಂಡತಿ ರಾಜೇಶ್ವರಿ ಬರೆದಿಟ್ಟುಕೊಳ್ಳಲಿಲ್ಲ. ರೊಟ್ಟಿ ಹಿಟ್ಟು ನಾದುತ್ತಿದ್ದವಳು ಕತ್ತೆತ್ತಿ ಗಂಡನನ್ನೊಮ್ಮೆ ನೋಡಿ, ದೊಡ್ಡದೊಂದು ಉಸಿರು ಬಿಟ್ಟು, ಮತ್ತೆ ನಾದತೊಡಗಿದಳು. ಹೋದ ವರ್ಷ ಇದೇ ಗಂಡ ಇದೇ ಅಡಿಗೆಮನೆಯಲ್ಲಿ ತೆರೆದಿದ್ದ ಮೇಣಬತ್ತಿ ಕಾರ್ಖಾನೆಯ ಮೇಣವನ್ನು ಅವಳು ಇನ್ನೂ ಪಾತ್ರೆಗಳಿಂದ ಕೆರೆಯುತ್ತಿದ್ದಳು.

ಗುರುಸಂಗಪ್ಪನದು ರೋಣದ ತಹಶೀಲದಾರ ಕಚೇರಿ ಎದುರು ಝೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ. ತಾಲೂಕಿನ ಮಂದಿಯ ರೇಶನ್ ಕಾರ್ಡು, ಮಾರ್ಕ್ಸ್ ಕಾರ್ಡುಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿ ಕಾಪಾಡುವವನು ಅವನೇ. ಆದರೆ ಮಂದಿಯ ಕಾಗದಕ್ಕೆ ಹೊದಿಕೆ ಹಾಕುತ್ತ ಮುದುಕನಾಗಲು ಅವನು ತಯಾರಿರಲಿಲ್ಲ. ಅವನು ಮಾಡಲಿದ್ದುದು ಅಂತಿಂಥ ಸೋಪಲ್ಲ, ಪಾರದರ್ಶಕ ಸೋಪು! ಗಾಜಿನಂಥ ಸೋಪು!

ಭಾನುವಾರ ಮಾಡಿಯೂ ಬಿಟ್ಟ. ಅಚ್ಚಿನಿಂದ ತೆಗೆದದ್ದನ್ನು ಪೇಪರಿನ ಮೇಲಿಟ್ಟು, ಸೋಪಿನ ಅಂಚಿನ ಮೂಲಕವೇ ಮಳೆಯ ಸುದ್ದಿ ಓದಿ ತೋರಿಸಿದ.

"ಸೋಪ ಇರೂದು ಮೈ ತೊಳ್ಯಾಕ್ರಿ, ಪೇಪರ್ ಓದಾಕಲ್ಲ," ಅಂದಳು ರಾಜೇಶ್ವರಿ. ಆಮೇಲೆ ಸೋಪನ್ನು ಬೆಳಕಿಗೆ ಹಿಡಿದು ನೋಡಿ, "ಅಯ್ಯ, ಒಳಗ ನೀವ್ಯಾಕ ಅದೀರಿ?" ಅಂದಳು.

ಹೌದು, ಸೋಪಿನ ನಟ್ಟನಡುವೆ ಗುರುಸಂಗಪ್ಪನಿದ್ದ. ಸ್ಟುಡಿಯೋದಲ್ಲಿ ಪೌಡರ್ ಹಚ್ಚಿಕೊಂಡು ತೆಗೆಸಿದ ಫೋಟೋ. ಕೆಳಗೆ "ಸದಾ ನಿಮ್ಮ ಸೇವೆಯಲ್ಲಿ" ಎಂಬ ಸಾಲು. ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿ, ಅಂಚೆಚೀಟಿಯಷ್ಟು ಕತ್ತರಿಸಿ ಪ್ರತಿ ಸೋಪಿನಲ್ಲೂ ಒಂದೊಂದು ಹಾಕಿದ್ದ.

"ಊದಿನಕಡ್ಡಿ ಪಾಕೀಟಿನ ಮ್ಯಾಲ ಮಾಲಕನ ಫೋಟೋ ಇರೂದಿಲ್ಲೇನ?"

"ಪಾಕೀಟಿನ ಮ್ಯಾಲ ಇರತೈತ್ರಿ. ಬಚ್ಚಲಕ್ಕ ಜೋಡಿ ಬರೂದಿಲ್ಲ."

ಆದರೂ ಸೋಪು ತೆಗೆದುಕೊಂಡು ಜಳಕಕ್ಕೆ ಹೋದಳು. ಹೊರಗೆ ಗುರುಸಂಗಪ್ಪ ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗನಂತೆ ಕಾಯುತ್ತ ನಿಂತ. ಬಾಗಿಲು ತೆರೆಯಿತು.

"ಬುರುಗ ಇಲ್ಲ," ಅಂದಳು. "ಕಲ್ಲಿನಿಂದ ಮೈ ತಿಕ್ಕೊಂಡಂಗ ಆತು."

ತಪ್ಪು ಊರಿನ ನೀರಿನದು. ರೋಣದ ಬೋರಿನ ಸವಳು ನೀರಿನಲ್ಲಿ ಯಾವ ಸೋಪಾದರೂ ನೊರೆ ಬಿಡಲು ಹಿಂದೆಮುಂದೆ ನೋಡುತ್ತದೆ. ಗದಗಿನ ಶಿಬಿರದಲ್ಲಿ ನಲ್ಲಿಯ ಸಿಹಿನೀರಿತ್ತು, ಅಲ್ಲಿ ಇದು ಯಾರಿಗೂ ಗೊತ್ತಾಗಿರಲಿಲ್ಲ.

"ಮತ್ತ ಇನ್ನೊಂದ ಹೇಳತೀನಿ. ನಾ ಜಳಕಾ ಮಾಡೂವಾಗ ನೀವು ಹಂಗ ಪಿಳಿಪಿಳಿ ನೋಡಕೋತ ಕುಂದರಬ್ಯಾಡ್ರಿ."

"ಗಂಡ ಅಲ್ಲೇನ ನಾ?"

"ನನಗ ಗಂಡ. ಊರ ಮಂದಿಗೆಲ್ಲಾ?"

ಎರಡನೆಯ ತಕರಾರು ಗುರುಸಂಗಪ್ಪನ ಕಿವಿಗೆ ಬೀಳಲೇ ಇಲ್ಲ. ನೊರೆಯ ಚಿಂತೆ ಅವನನ್ನು ಹಿಡಿದಿತ್ತು. ಯಾಕೆಂದರೆ ಸವಡಿಯಲ್ಲಿ ಅವನ ಅಕ್ಕ ನೀಲವ್ವ ಹೊಸ ಮನೆ ಕಟ್ಟಿಸಿದ್ದಳು. ವಾಸ್ತುಶಾಂತಿಗೆ ಬರುವ ಹೆಂಗಸರಿಗೆ ಅರಿಷಿಣ ಕುಂಕುಮದ ಜೋಡಿ ತಮ್ಮನ ಸೋಪನ್ನೇ ಕೊಡುವಂತೆ ಅವಳನ್ನು ಒಪ್ಪಿಸಿಬಿಟ್ಟಿದ್ದ. ದಿನ ಹತ್ತಿರ ಬಂದಿತ್ತು.

ಗಜೇಂದ್ರಗಡಕ್ಕೆ ಬಸ್ಸು ಹತ್ತಿದ. ಅಲ್ಲಿ ನೇಕಾರರಿಗೆ ಬಣ್ಣ, ಮನೆಮಂದಿಗೆ ಫಿನೈಲು ಮಾರುವ ಮದರಸಾಬರು ಬಿಳಿ ಪುಡಿಯ ಚೀಲವೊಂದನ್ನು ಎದುರಿಗಿಟ್ಟರು.

"ಇದು ಬುರುಗಿನ ಪುಡಿ ನೋಡ್ರಿ. ಸವಳ ನೀರಲ್ಲ, ಸಮುದ್ರದ ನೀರಾಗೂ ಬುರುಗ ಎದ್ದು ನಿಂದರತೈತಿ."

"ಸೋಪ ಗಾಜಿನಂಗ ಉಳೀತೈತೇನ್ರಿ, ಮದರಸಾಬರ?"

"ಗಾಜಂದ್ರ ಗಾಜ! ಕನ್ನಡಕಕ್ಕ ಹಾಕಿಸ್ಕೋರಿ ಬೇಕಾರ."

"ಎಷ್ಟ ಹಾಕೂದು?"

"ಸ್ವಲ್ಪ."

ಮದರಸಾಬರು ಹುಟ್ಟಿದಾಗಿನಿಂದ ಸೋಪು ಮಾಡಿದವರಲ್ಲ. ಗುರುಸಂಗಪ್ಪ ಹುಟ್ಟಿದಾಗಿನಿಂದ ಸ್ವಲ್ಪ ಹಾಕಿದವನಲ್ಲ. ಮನೆಗೆ ಬಂದವನೇ ಸೋಪನ್ನೆಲ್ಲ ಕರಗಿಸಿ, ಫೋಟೋಗಳನ್ನು ಹೆಕ್ಕಿ ತೆಗೆದು, ಬಿಸಿ ಪಾತೇಲಿಗೆ ಪುಡಿಯನ್ನು ಬೊಗಸೆ ಬೊಗಸೆ ಸುರಿದು, ಕಟ್ಟಿಗೆಯ ಸೌಟಿನಿಂದ ಗರಗರ ತಿರುವಿದ. ನೊರೆ ಎದ್ದಿತು. ಪಾತೇಲಿಯ ಕಂಠಕ್ಕೆ ಬಂತು, ಕಂಠ ದಾಟಿತು, ಒಲೆ ಆರಿಸಿತು, ಕಟ್ಟೆ ಇಳಿಯಿತು, ನಡುಮನೆಗೆ ನಡೆಯಿತು!

"ರೀ, ನಿಂದರಸ್ರಿ ಅದನ್ನ!"

"ಹ್ಯಾಂಗ ನಿಂದರಸ್ಲಿ? ನೀರ ಹಾಕು!"

ನೀರು ಹಾಕಿದ್ದೇ ತಪ್ಪಾಯಿತು. ನೊರೆ ಹೊಸ್ತಿಲು ದಾಟಿ ಗಟಾರಕ್ಕೆ ಇಳಿದು ಓಣಿಯ ಮೆರವಣಿಗೆ ಹೊರಟಿತು. ಸಂಜೆಯವರೆಗೂ ರಾಜೇಶ್ವರಿ ಸೆರಗು ಸಿಕ್ಕಿಸಿ ನೆಲ ಬಳಿದಳು.

ಪಾತೇಲಿಯಲ್ಲಿ ಉಳಿದದ್ದನ್ನು ಫೋಟೋ ಸಮೇತ ಅಚ್ಚಿಗೆ ಹಾಕಿದ್ದ. ಮುಂಜಾನೆ ತೆಗೆದು ನೋಡಿದರೆ ಗಾಜು ಎಲ್ಲಿದೆ? ಸೋಪೆಲ್ಲ ಮಜ್ಜಿಗೆಯ ಬಣ್ಣ! ಪುಡಿ ಪೂರ್ತಿ ಕರಗಿರಲಿಲ್ಲ. ಸಾಲದ್ದಕ್ಕೆ ತಿರುವಿದ ರಭಸಕ್ಕೆ ಹೊಕ್ಕ ಗಾಳಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಾಗಿ ಒಳಗೇ ಸಿಕ್ಕಿಬಿದ್ದಿತ್ತು. ಒಂದು ಕಡೆಯಿಂದ ಹೊಕ್ಕ ಬೆಳಕು ಆ ಗುಳ್ಳೆಗಳ ಸಂತೆಯಲ್ಲಿ ದಾರಿ ತಪ್ಪಿ, ಇನ್ನೊಂದು ಕಡೆಗೆ ಬರುತ್ತಲೇ ಇರಲಿಲ್ಲ.

"ಎಲ್ಲಿ ಹೋದ್ರಿ ನೀವು?" ಸೋಪನ್ನು ತಿರುಗಿಸಿ ಮುರುಗಿಸಿ ನೋಡುತ್ತ ರಾಜೇಶ್ವರಿ ಕೇಳಿದಳು.

"ಒಳಗ ಅದೀನಿ," ಅಂದ ಗುರುಸಂಗಪ್ಪ ಸಣ್ಣ ದನಿಯಲ್ಲಿ.

"ಅಲ್ಲೇ ಇರ್ರಿ. ಚಲೋ ಆತು."

ಕೈ ತೊಳೆದು ನೋಡಿದರೆ ನೊರೆಯೋ ನೊರೆ! ಮೊಣಕೈವರೆಗೆ ಬೆಣ್ಣೆ ಮೆತ್ತಿದಂತೆ. ರಾಜೇಶ್ವರಿಯ ಮುಖ ಕೂಡ ಒಂದಿಷ್ಟು ಸಡಿಲಾಯಿತು. ಪಾರದರ್ಶಕತೆ ಹೋದರೆ ಹೋಯಿತು, ಬುರುಗು ಬಂತಲ್ಲ ಎಂದು ಇಬ್ಬರೂ ಸಮಾಧಾನಪಟ್ಟರು. ಸೋಪು ಹಚ್ಚಿದಂತೆ ಸವೆಯುತ್ತದೆ ಎಂಬುದು ಆ ಹೊತ್ತಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ವಾಸ್ತುಶಾಂತಿ ಭರ್ಜರಿ ಆಯಿತು. ಸುತ್ತಲ ಊರುಗಳಿಂದ ಬಂದ ಹೆಂಗಸರು ಸೋಪು ಒಯ್ದರು. ನೊರೆಯ ಹೊಗಳಿಕೆ ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ದಾಟಿ ರೋಣಕ್ಕೂ ಬಂತು. ಗುರುಸಂಗಪ್ಪ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂಡತೊಡಗಿದ.

ಹಾಗೆ ಕೂತಿದ್ದಾಗಲೇ ಒಂದು ದಿನ ಶಿರೋಳದ ಮಹಾಲಿಂಗಪ್ಪ ಬಂದ. ಆಳೆತ್ತರದ ರೈತ. ನೀಲವ್ವನ ಗಂಡನ ಕಡೆಯ ಬಳಗ. ಪೇಪರಿನಲ್ಲಿ ಸುತ್ತಿದ್ದ ಸವೆದ ಸೋಪನ್ನು ಝೆರಾಕ್ಸ್ ಮಶೀನಿನ ಮೇಲಿಟ್ಟ.

"ಇದು ಯಾರ ಮೀಸಿ?"

ಗುರುಸಂಗಪ್ಪನ ಕೈ ತಾನಾಗಿಯೇ ತನ್ನ ಮೀಸೆಗೆ ಹೋಯಿತು.

"ಮದಲ ಮೀಸಿ ಕಾಣಿಸ್ತು. ಕೂದಲ ಹತ್ತೇತಿ ಅಂತ ನಮ್ಮಾಕಿ ತಿಕ್ಕಿ ತಿಕ್ಕಿ ತೊಳದಾಳ. ತಿಕ್ಕಿದಂಗ ಕಣ್ಣ ಬಂತು! ಚೀರಿ ಹೊರಗ ಓಡಿ ಬಂದಾಳ. ಈಗ ಬಚ್ಚಲಕ್ಕ ಕಾಲ ಇಡವಲ್ಲಳು. ಕೆಳಗ ಏನ ಬರದೈತಿ, ನೀವ ಓದ್ರಿ. ಜ್ವಾರ ಓದ್ರಿ."

"ಸದಾ... ನಿಮ್ಮ... ಸೇವೆಯಲ್ಲಿ."

"ಯಾರ ಸೇವಾದಾಗ?"

ಝೆರಾಕ್ಸಿಗೆ ನಿಂತವರೆಲ್ಲ ಸೋಪಿನ ಸುತ್ತ ನೆರೆದರು. ಗುರುಸಂಗಪ್ಪ ಗುಳ್ಳೆ, ಗಾಳಿ, ಬೆಳಕು ಎಂದು ಶಿಬಿರದ ಪಾಠವನ್ನೆಲ್ಲ ಒಪ್ಪಿಸಿದ.

"ಗುಳ್ಳಿ ಗಿಳ್ಳಿ ನನಗ ಬ್ಯಾಡ್ರಿ. ಪಾರದರ್ಶಕ ಸೋಪ ಮಾಡತೀನಿ ಅಂದಿದ್ರಂತ. ಇದು ಪರಪುರುಷದರ್ಶಕ ಸೋಪ!"

ಅವನು ಹೋಗುವುದಕ್ಕೂ ಅಂಗಡಿಯ ಒಂದು ರೂಪಾಯಿ ನಾಣ್ಯದ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಆ ಕಡೆ ನೀಲವ್ವ.

"ಏ ಗುರುಸಂಗ್ಯಾ, ಎಲ್ಲೆ ಅದಿಯೋ?"

"ಅಂಗಡ್ಯಾಗ ಅದೀನಕ್ಕಾ."

"ಅಂಗಡ್ಯಾಗಲ್ಲೋ! ಸವಡಿಯಾಗ ಮನಿಮನಿ ಬಚ್ಚಲದಾಗ ಅದಿ! ಹೆಂಗಸರು ಜಳಕಾ ಬಿಟ್ಟ ಕುಂತಾರ. ನಮ್ಮತ್ತಿ ಈ ಮನಿಯಾಗ ನೀರ ಮುಟ್ಟೂದಿಲ್ಲಂತ ಹಳೇ ಮನಿಗೆ ಹೋಗಿ ಕುಂತಾಳ. ನಾ ಯಾರಿಗೆ ಮಾರಿ ತೋರಸ್ಲಿ? ಒಂದೂ ಬಿಡದಂಗ ತಿರಗಿ ಒಯ್ಯಿ. ಇಲ್ಲಾಂದ್ರ ನಿನಗ ಅಕ್ಕ ಇಲ್ಲ ಅಂತ ತಿಳ್ಕೋ!"

ಕೊನೆಯ ಮಾತಿಗೆ ಅವಳ ದನಿ ಒಡೆದಿತ್ತು. ಗುರುಸಂಗಪ್ಪ ಫೋನು ಇಟ್ಟು, ಅಂಗಡಿಯ ಶಟರು ಎಳೆದು, ಮನೆಗೆ ಬಂದು ಹೆಂಡತಿಯ ಎದುರು ನಿಂತ. ಸುದ್ದಿ ಅವನಿಗಿಂತ ಮುಂಚೆಯೇ ಮನೆ ಮುಟ್ಟಿತ್ತು.

"ಗಂಡಸ ಒಬ್ಬಾಂವ ಹೋಗಿ ಮನಿ ಮನಿ ಮುಂದ ನಿಂತು, ನೀವು ಹಚ್ಕೊಂಡ ಸೋಪ ಕೊಡ್ರಿ ಅಂದ್ರ ಕಾಲ ಮುರದ ಕಳಸತಾರ," ಅಂದಳು ರಾಜೇಶ್ವರಿ. ಸೀರೆಯ ನೆರಿಗೆ ಸರಿಮಾಡಿಕೊಂಡಳು. "ನಡೀರಿ. ನಾ ಮಾತಾಡತೀನಿ. ನೀವು ಬಾಯಿ ತಗೀಬ್ಯಾಡ್ರಿ."

ಪ್ಯಾಟಿಯಿಂದ ಒಳ್ಳೆಯ ಕಂಪನಿ ಸೋಪುಗಳನ್ನು ಕೊಂಡು, ಚೀಲ ಹಿಡಿದು ಸ್ಕೂಟರ್ ಹತ್ತಿದರು. ಸುತ್ತಲ ಊರು ಮುಗಿಸಿ ಸವಡಿಯ ಓಣಿ ಓಣಿ ಅಲೆದರು. ರಾಜೇಶ್ವರಿ ಒಳಗೆ ಹೋಗಿ ಕೈಮುಗಿದು ಹೊಸ ಸೋಪು ಕೊಡುವಳು, ಹಳೆಯದನ್ನು ಸೆರಗಿನಲ್ಲಿ ಮುಚ್ಚಿ ತರುವಳು. ಗುರುಸಂಗಪ್ಪ ಹೊರಗೆ ಬಿಸಿಲಲ್ಲಿ ತಲೆ ತಗ್ಗಿಸಿ ಚೀಲದ ಬಾಯಿ ತೆರೆದು ಹಿಡಿಯುವನು. ಕಿಟಕಿಗಳಲ್ಲಿ ಕಿಸಿಕಿಸಿ. "ಇಂವ ನೋಡ, ಇಂವ!" ಎಂಬ ಪಿಸುಮಾತು. ಒಂದು ಸೋಪಿನಲ್ಲಿ ಅರ್ಧ ಮುಖ, ಇನ್ನೊಂದರಲ್ಲಿ ಬರೀ ಕಿವಿ. ಚೀಲ ತುಂಬ ತನ್ನವೇ ಚೂರುಗಳನ್ನು ಹೊತ್ತು ಅವನಿಗೆ ಭುಜ ಬಿದ್ದುಹೋಗಿತ್ತು. ರಾಜೇಶ್ವರಿಯ ಕಾಲುಗಳು ಕೂಡ ಸೋತಿದ್ದವು, ಆದರೂ ಒಂದು ಮನೆ ಬಿಡಲಿಲ್ಲ. ನೀಲವ್ವನ ಅತ್ತೆಯನ್ನೂ ಅವಳೇ ಕೈಹಿಡಿದು ಹೊಸ ಮನೆಗೆ ಕರೆತಂದಳು.

ಊರಾಚೆಯ ಕೊನೆಯ ಮನೆ ಮುದುಕಿ ತಿಪ್ಪವ್ವನದು. ಕಟ್ಟೆಯ ಮೇಲೆ ಕೂತು ಆಗಷ್ಟೇ ಕೈಕಾಲು ತೊಳೆಯುತ್ತಿದ್ದಳು. ಕೈಯಲ್ಲಿ ಅದೇ ಸೋಪು. ಅದರಲ್ಲಿ ಮುಖ ಪೂರ್ತಿಯಾಗಿ ಮೂಡಿತ್ತು.

"ಕೊಡೂದಿಲ್ಲ ತಂಗೆವ್ವ," ಅಂದಳು ತಿಪ್ಪವ್ವ. "ಈ ಸವಳ ನೀರಾಗ ಹಿಂಗ ಬುರುಗ ಬಿಡೂ ಸೋಪ ಎಲ್ಲಿ ಸಿಗಬೇಕು?"

"ಆಯಿ, ಒಳಗ ಗಂಡಸಿನ ಫೋಟೋ ಐತಿ."

"ಇರವಲ್ಲದ್ಯಾಕ. ಪಾಪ, ಅಂವಾ ಏನ ಮಾಡತಾನ? ಬಾಯಿ ಮುಚ್ಕೊಂಡ ಕುಂತಾನ. ಯಾರವ್ವಾ ಅಂವಾ?"

ಇಡೀ ದಿನದಲ್ಲಿ ಮೊದಲ ಒಳ್ಳೆಯ ಮಾತು! ಗುರುಸಂಗಪ್ಪನ ಬಗ್ಗಿದ ಬೆನ್ನು ತುಸು ನೆಟ್ಟಗಾಯಿತು. ತಡೆಯಲಾರದೆ ಮೀಸೆ ತೀಡಿದ.

"ಇಲ್ಲೇ ನಿಂತಾರ ನೋಡ್ರಿ," ಅಂದಳು ರಾಜೇಶ್ವರಿ ದಣಿದ ದನಿಯಲ್ಲಿ.

ತಿಪ್ಪವ್ವ ಕೋಲೂರಿ ಎದ್ದು ಬಂದಳು. ಸೋಪನ್ನು ಗುರುಸಂಗಪ್ಪನ ಕೆನ್ನೆಯ ಪಕ್ಕ ಹಿಡಿದಳು. ಅದನ್ನು ನೋಡಿದಳು, ಇವನನ್ನು ನೋಡಿದಳು, ಮತ್ತೊಮ್ಮೆ ಅದನ್ನು ನೋಡಿದಳು.

"ಹೋಗ ತಂಗಿ, ಚಾಷ್ಟಿ ಮಾಡಬ್ಯಾಡ," ಅಂದಳು ಸೋಪನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತ. "ಅಂವಾ ನೋಡಾಕ ಚಲೋ ಅದಾನ."