ಕಾಟಾ ಹತ್ತಿದ ಫುಟ್‌ಬಾಲ್

ನಮ್ಮ ಕಡೆ ಯಾವ ಆಟವೇ ಶುರುವಾಗಲಿ, ಮೈದಾನದ ಒಳಗಿನದಕ್ಕಿಂತ ಹೊರಗೇ ಹೆಚ್ಚು ಆಟ ನಡೆಯುತ್ತದೆ. ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಿ.ಟಿ. ಮಾಸ್ತರನಾಗಿದ್ದೇನೆ. ನನ್ನ ತಲೆಗೂದಲು ಅರ್ಧ ಉದುರಿದ್ದು ರಾಯಚೂರು ಜಿಲ್ಲೆಯ ಬಿಸಿಲಿಗೆ ಎಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ, ಇಂಥ ಹೊರಗಿನ ಆಟಗಳಿಗೆ.

೧. ನಲವತ್ತನೇ ನಂಬರು

ರಾಯಚೂರಿನ ಒಬ್ಬ ಅಕ್ಕಿ ಗಿರಣಿ ಸಾಹುಕಾರರು ಮೊಬೈಲಿನಲ್ಲಿ ಎಲ್ಲೋ ಹೊರದೇಶದ ಫುಟ್‌ಬಾಲ್ ಡ್ರಾಫ್ಟ್ ನೋಡಿದರು. ನಮ್ಮಲ್ಲೂ ಆಗಬೇಕು ಅಂದರು. ರಾಯಚೂರು, ಮಾನ್ವಿ, ದೇವದುರ್ಗ, ಮೂರು ತಂಡ. ಆಟಗಾರರಿಗೆ ಊಟ, ಬೂಟು, ಬಸ್ ಚಾರ್ಜು ಕೊಡುವುದರಿಂದ ಇದು ‘ವೃತ್ತಿಪರ ಲೀಗ್’ ಎಂದು ದೊಡ್ಡ ಬ್ಯಾನರ್ ಹಾಕಿಸಿದರು. ಆಫ್‌ಸೈಡ್ ಎಂದರೇನು ಎಂದು ಗೊತ್ತಿದ್ದವನು ಮೂರೂ ಊರಿನಲ್ಲಿ ನಾನೊಬ್ಬನೇ ಎಂದು ಡ್ರಾಫ್ಟ್ ನಡೆಸುವ ಕೆಲಸ ನನ್ನ ತಲೆಗೆ ಬಂತು.

ನಿಯಮ ಸರಳ. ಆಟಗಾರರ ಪಟ್ಟಿ ಗೋಡೆಯ ಮೇಲೆ. ಚೀಟಿ ಎತ್ತಿ ಸರದಿ ಗೊತ್ತು ಮಾಡುವುದು. ಸರದಿ ಬಂದಾಗ ಒಂದೊಂದು ತಂಡ ಒಬ್ಬೊಬ್ಬನನ್ನು ಆರಿಸಿಕೊಳ್ಳುವುದು. ಇಷ್ಟು ಹೇಳಿ ಸುಮ್ಮನಿರಬಹುದಿತ್ತು. ನಾನು ಜಾಣತನ ತೋರಿಸಲು ಹೋದೆ. “ಮೊದಲ ಸರದಿಯಲ್ಲಿ ಒಳ್ಳೆಯವನನ್ನು ಯಾರು ಬೇಕಾದರೂ ಆರಿಸುತ್ತಾರೆ. ಆರಿಸಿದ ಸರದಿಗಿಂತ ಹೆಚ್ಚಿಗೆ ಬಾಳುವವನು ಸಿಕ್ಕರೆ ಅದಕ್ಕೆ ವ್ಯಾಲ್ಯೂ ಅಂತಾರೆ” ಅಂದೆ. ಆ ಒಂದು ಮಾತಿಗೆ ಇಂದಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಪಟ್ಟಿಯ ಕೊನೆಯಲ್ಲಿ, ನಲವತ್ತನೇ ನಂಬರಿಗೆ, ನನ್ನ ಹೆಸರನ್ನೂ ಸೇರಿಸಿದ್ದೆ. ನನಗೆ ನಲವತ್ತೊಂಬತ್ತು. ಕಾಲೇಜಿನಲ್ಲಿದ್ದಾಗ ಒಳ್ಳೆಯ ಡಿಫೆಂಡರ್ ಆಗಿದ್ದೆ, ಆದರೆ ಅದನ್ನು ನೋಡಿದವರು ಯಾರೂ ಈಗ ಈ ಕಡೆ ಇಲ್ಲ. ನಾನು ಸೀಟಿ ಊದುವುದಕ್ಕೇ ಹುಟ್ಟಿದವನು ಎಂದು ನನ್ನ ವಿದ್ಯಾರ್ಥಿಗಳು ನಂಬಿದ್ದಾರೆ. ಒಂದು ಸಲವಾದರೂ ಬೇರೆಯವನ ಸೀಟಿಗೆ ಓಡಬೇಕು ಎಂಬ ಆಸೆ ನನಗೆ ತುಂಬಾ ಇತ್ತು. ಆದರೆ ಮೂರು ತಂಡಕ್ಕೆ ಹದಿಮೂರು ಜನರಂತೆ ಮೂವತ್ತೊಂಬತ್ತೇ ಜಾಗ. ಹೆಸರು ನಲವತ್ತು.

“ಹಂಗಾದ್ರ ಒಬ್ಬ ಉಳಿತಾನಲ್ರಿ ಮಾಸ್ತರ?” ಅಂದರು ಸಾಹುಕಾರರು.

“ಉಳೀತಾನ್ರಿ” ಅಂದೆ.

“ಪಾಪ, ಅಂಥವ ಹೆಸರರೆ ಯಾಕ ಕೊಟ್ಟಾನೋ!” ಅಂದರು.

೨. ಕ್ವಿಂಟಲ್ ಲೆಕ್ಕ

ಡ್ರಾಫ್ಟ್ ನಡೆದದ್ದು ಸಾಹುಕಾರರ ಗಿರಣಿಯ ಆಫೀಸಿನಲ್ಲಿ. ತೌಡಿನ ಧೂಳಿಗೆ ನಾನು ಮೂರು ಮಾತಿಗೊಮ್ಮೆ ಸೀನುತ್ತಿದ್ದೆ. ರಾಯಚೂರು ತಂಡ ಅವರದು, ಮೊದಲ ಚೀಟಿಯೂ ಅವರಿಗೇ ಬಂತು. ಪಟ್ಟಿಯಲ್ಲಿ ಹೆಸರು, ಊರು, ವಯಸ್ಸು, ಆಡುವ ಜಾಗ ಎಲ್ಲ ಇತ್ತು. ಅವರು ಕನ್ನಡಕ ಏರಿಸಿ ನೋಡಿದ್ದು ತೂಕದ ಕಾಲಂ ಒಂದೇ.

“ಹನ್ನೊಂದನೇ ನಂಬರು. ಮಸರಕಲ್ಲಿನವ. ತೊಂಬತ್ತಾರು ಕೇಜಿ. ಅವ ನನಗಿರಲಿ.”

“ಸಾಹುಕಾರ್ರ, ಆತ ಓಡಂಗಿಲ್ರಿ” ಅಂದೆ.

“ಮಾಸ್ತರ, ಒಂದು ಸರದಿಗೆ ಒಬ್ಬ. ಬರೋಬರಿ? ಐವತ್ತು ಕೇಜಿದವನೂ ಒಬ್ಬ, ತೊಂಬತ್ತಾರು ಕೇಜಿದವನೂ ಒಬ್ಬ. ಅಕ್ಕಲ್ ಇದ್ದವ ಯಾರ್ನ ತಗೋತಾನ? ವ್ಯಾಲ್ಯೂ ಅಂದ್ರ ಏನಂತ ನೀವ ಹೇಳೀರಿ.”

ನಾನು ಬಾಯಿ ತೆರೆದೆ, ಸೀನು ಬಂತು, ಅಷ್ಟರಲ್ಲಿ ಸರದಿ ಮುಂದೆ ಹೋಗಿತ್ತು. ಎರಡನೇ ಸರದಿಗೆ ಎಂಬತ್ತೊಂಬತ್ತು ಕೇಜಿ, ಮೂರನೆಯದಕ್ಕೆ ಎಂಬತ್ತೈದು. ಚಹಾ ಬರುವ ಹೊತ್ತಿಗೆ ಕಾಗದದ ಮೇಲೆ ಕೂಡಿಸಿ ಉಳಿದಿಬ್ಬರ ಕಡೆ ನೋಡಿ ಕನಿಕರದಿಂದ ಹೇಳಿದರು: “ನಂದು ಮೂವರಿಗೆ ಎರಡು ಕ್ವಿಂಟಲ್ ಎಪ್ಪತ್ತು ಕೇಜಿ ಆತು. ನೀವಿನ್ನೂ ಎರಡು ದಾಟಿಲ್ಲ. ಹಿಂಗಾದ್ರ ಪಂದ್ಯ ಹೆಂಗ್ರಿ ಆಡ್ತೀರಿ?”

೩. ಜಾಲಹಳ್ಳಿಯ ಓಟಗಾರ

ಮಾನ್ವಿ ತಂಡದ ಜವಾಬ್ದಾರಿ ಒಬ್ಬ ಬಸ್ ಕಂಡಕ್ಟರರದು. ದೇವದುರ್ಗ, ಜಾಲಹಳ್ಳಿ ಕಡೆಯ ರೂಟು. ಅವರಿಗೆ ಪಟ್ಟಿಯೇ ಬೇಕಾಗಿರಲಿಲ್ಲ.

“ಸಾಹುಕಾರ್ರ ತೂಕ ನೋಡಲಿ. ನಾನು ಕಣ್ಣಾರೆ ನೋಡೀನಿ” ಅಂದರು. “ಜಾಲಹಳ್ಳಿ ಸ್ಟಾಪಿನ್ಯಾಗ ಒಬ್ಬ ಹುಡುಗ ಅದಾನ. ಒಂದು ದಿನಾನೂ ಟೈಮಿಗೆ ಬಂದಿಲ್ಲ, ಒಂದು ದಿನಾನೂ ಬಸ್ ತಪ್ಪಿಸಿಕೊಂಡಿಲ್ಲ. ಬಸ್ ಬಿಟ್ಟ ಮ್ಯಾಲ ಹಿಂದಿಂದ ಓಡಿ ಬಂದು ಹಿಡಿತಾನ್ರಿ! ಎಂಜಿನ್ನಿಗೆ ಸಮಾ ಓಡವ ಫುಟ್‌ಬಾಲ್ ಆಡಾಕ ಬಂದ್ರ ಯಾರು ಹಿಡೀತೀರಿ?”

ನಿಜ ಹೇಳಬೇಕೆಂದರೆ ಬೆಳಗಿನಿಂದ ಕೇಳಿದ ಮಾತುಗಳಲ್ಲಿ ನನಗೆ ಅರ್ಥವಿದೆ ಅನಿಸಿದ್ದು ಇದೊಂದೇ. ಆಯ್ಕೆಯಾದವರು ಅವತ್ತೇ ಬಂದು ಸಹಿ ಮಾಡಬೇಕಿತ್ತು. ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಜಾಲಹಳ್ಳಿಯ ಓಟಗಾರನ ಹೆಸರು ಮೂರು ಸಲ ಕೂಗಿದೆ. ಇಲ್ಲ. ಕಂಡಕ್ಟರರು ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು.

“ಎಲ್ಲಿ ಅದೀಲೇ?”

“ಬಸ್ ತಪ್ಪಿತ್ರಿ ಸರ” ಅಂತು ಆ ಕಡೆಯ ದನಿ. “ನೀವು ಇವತ್ತು ರಜಾ ಅಲ್ರಿ? ನಾ ಓಡಿ ಬರದು ನೋಡಿ ಡ್ರೈವರಿಗೆ ಸಾವಕಾಶ ಹೋಗು ಅನ್ನೂದು ನೀವೊಬ್ರ. ಹೊಸಾ ಕಂಡಕ್ಟರ್ ಹೊಳ್ಳಿ ಸುದ್ದಾ ನೋಡಲಿಲ್ರಿ.”

೪. ಮೊಣಕಾಲು

ದೇವದುರ್ಗದ ತಂಡ ಒಬ್ಬ ಕಾಲೇಜು ಉಪನ್ಯಾಸಕರ ಕೈಯಲ್ಲಿತ್ತು. ಅರ್ಥಶಾಸ್ತ್ರ. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಚಾರ್ಟು ಮಾಡಿಕೊಂಡು ಬಂದಿದ್ದರು. ಒಬ್ಬರಿಗಾದರೂ ಬುದ್ಧಿ ಇದೆಯಲ್ಲ ಎಂದು ಸಮಾಧಾನವಾಗಿತ್ತು.

ಅವರ ಕಣ್ಣು ನಾಲ್ಕನೇ ನಂಬರಿನ ಹುಡುಗನ ಮೇಲೆ. ರಾಯಚೂರಿನವನು, ಎಡಗಾಲಿನಲ್ಲಿ ಒದ್ದರೆ ಗೋಲಿಗೇ ಹೋಗುವಂಥವನು. ಆದರೆ ಮೊದಲ ಸರದಿಗೆ ಆರಿಸಿದರೆ ವ್ಯಾಲ್ಯೂ ಎಲ್ಲಿ ಬಂತು? ಏಳನೆಯದಕ್ಕೆ ಸಿಗಬೇಕು. ಅದಕ್ಕೆ ಅವರು ಬೆಳಿಗ್ಗೆಯೇ ಚಹಾದಂಗಡಿಯಲ್ಲಿ ಕೂತು, “ಆ ಹುಡುಗನ ಮೊಣಕಾಲು ಹೋಗೇದಂತ. ಡಾಕ್ಟರ್ ಕೈ ಬಿಟ್ಟಾರಂತ” ಎಂದು ನಾಲ್ಕು ಜನರ ಕಿವಿಗೆ ಹಾಕಿದ್ದರು. ಉಪಾಯ ಫಲಿಸಿತು. ಆರು ಸರದಿ ಮುಗಿದರೂ ಅವನನ್ನು ಯಾರೂ ಮುಟ್ಟಲಿಲ್ಲ. ಉಪನ್ಯಾಸಕರು ಒಳಗೊಳಗೇ ನಗುತ್ತಿದ್ದರು.

ಅಷ್ಟರಲ್ಲಿ ಗಿರಣಿ ಬಾಗಿಲಿಗೆ ಬೈಕು ನಿಂತಿತು. ಗುಂಜಹಳ್ಳಿಯಿಂದ ಒಬ್ಬ ಹಿರಿಯರು ಬೆವರು ಸುರಿಸುತ್ತ ಒಳಗೆ ಬಂದರು.

“ಇಲ್ಲಿ ಮಾಸ್ತರ ಯಾರ್ರಿ? ನಾಲ್ಕನೇ ನಂಬರಿನವಗ ನಮ್ಮ ಹುಡುಗಿ ಕೊಡಬೇಕಂತ ಮಾಡೀವಿ. ನಾಳಿ ನಿಶ್ಚಯ ಅದ. ಅವನ ಕಾಲು ಹೋಗೇದಂತ ಊರೆಲ್ಲಾ ಸುದ್ದಿ ಆಗೇದ. ಖರೆ ಹೇಳ್ರಿ, ಇಲ್ಲಾಂದ್ರ ನಾ ಈಗ ಹೋಗಿ ಮಾತು ಮುರಕೊಂಡು ಬರ್ತೀನಿ!”

ಬಾಗಿಲಲ್ಲೇ ನಿಂತಿದ್ದ ನಾಲ್ಕನೇ ನಂಬರಿನ ಹುಡುಗನ ಮುಖ ಬೆಳ್ಳಗಾಯಿತು. ನಾನು ಉಪನ್ಯಾಸಕರನ್ನು ನೋಡಿದೆ. ಅವರು ಲ್ಯಾಪ್‌ಟಾಪ್ ನೋಡಿದರು. ನಾನು ನೋಡುತ್ತಲೇ ಇದ್ದೆ. ಕಡೆಗೆ ಎದ್ದು ನಿಂತು, ಎಲ್ಲರ ಎದುರು, ಗಂಟಲು ಸರಿಮಾಡಿಕೊಂಡು ಹೇಳಿದರು: “ಯಪ್ಪಾ, ಅವನ ಮೊಣಕಾಲು ಕಬ್ಬಿಣ ಇದ್ದಂಗ ಅದ. ಈ ಪಟ್ಟಿಯೊಳಗ ಅವನಂಥಾ ಕಾಲು ಇನ್ನೊಂದಿಲ್ಲ. ನಾ ಬರದು ಕೊಡ್ತೀನಿ.”

ಹಿರಿಯರು ಕೈ ಮುಗಿದು ಹೋದರು. ಮದುವೆ ಉಳಿಯಿತು. ಆದರೆ ಏಳನೇ ಸರದಿಯಲ್ಲೂ ಮೊದಲ ಆಯ್ಕೆ ಸಾಹುಕಾರರದು.

“ಬರದು ಕೊಡಬ್ಯಾಡ್ರಿ ಸರ, ನಿಮ್ಮ ಮಾತ ಸಾಕು” ಅಂದರು ಅವರು. “ನಾಲ್ಕು ನನಗಿರಲಿ.”

೫. ಉಳಿದವರು ಇಬ್ಬರು

ಹದಿಮೂರನೇ ಸರದಿಯ ಕೊನೆಯ ಆಯ್ಕೆ ಉಪನ್ಯಾಸಕರದು. ಪಟ್ಟಿಯಲ್ಲಿ ಉಳಿದಿದ್ದವರು ಇಬ್ಬರು. ನಾನು, ಮತ್ತು ವಾರದ ಹಿಂದೆ ಕೈ ಮುರಿದುಕೊಂಡು ಪ್ಲಾಸ್ಟರಿನಲ್ಲಿದ್ದ ಒಬ್ಬ ಗೋಲ್‌ಕೀಪರ್. ನನಗೆ ಧೈರ್ಯ ಬಂತು.

ಉಪನ್ಯಾಸಕರು ಯೋಚಿಸಿದರು. ಯೋಚಿಸುವುದಕ್ಕೆ ಅದರಲ್ಲಿ ಏನಿತ್ತೋ!

“ಸರ, ಪ್ಲಾಸ್ಟರ್ ಎಷ್ಟು ವಾರದಾಗ ಬಿಚ್ತಾರ?”

“ಆರು ವಾರ” ಅಂದೆ.

“ಅಂದ್ರ ಆರು ವಾರಕ್ಕ ಅವ ಸುಧಾರಿಸ್ತಾನ. ನೀವು?”

“ನನಗ ಆರು ವಾರ ಹೆಚ್ಚಿಗಿ ವಯಸ್ಸಾಗತದ” ಅಂದೆ ಸಿಟ್ಟಿನಿಂದ.

“ಅದನ್ನ ಚಾರ್ಟ್ ಸುದ್ದಾ ಹೇಳಾಕತ್ತದ್ರಿ” ಎಂದು ಗೋಲ್‌ಕೀಪರನನ್ನೇ ಆರಿಸಿ ಫೋನ್ ಮಾಡಿದರು. ಆ ಕಡೆ ಎತ್ತಿದ್ದು ಅವನ ತಾಯಿ. “ಒಂದು ಕೈ ಮುರದದ್ದು ಸಾಲಲಿಲ್ಲೇನ್ರಿ ನಿಮಗ?” ಎಂದು ಶುರುಮಾಡಿದವರು ಐದು ನಿಮಿಷ ಬಿಡಲಿಲ್ಲ. ಉಪನ್ಯಾಸಕರು ಫೋನ್ ಇಟ್ಟು, ಬೆವರು ಒರೆಸಿಕೊಂಡು, ನನ್ನ ಕಡೆ ನೋಡದೆ “ಬರಕೋರಿ, ನಲವತ್ತು” ಅಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಹಾಗೆ ಕರೆದರೂ ನನಗೆ ಸಂತೋಷವಾಯಿತು. ನನ್ನ ಹೆಸರನ್ನು ನಾನೇ ಬರೆದುಕೊಳ್ಳುವಾಗ ಕಾಗುಣಿತ ತಪ್ಪಿ ಎರಡು ಸಲ ಹೊಡೆದುಹಾಕಿದೆ.

೬. ವಲ್ಲಿಯ ಒಳಗೆ

ಸಂಜೆಯವರೆಗೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದಿತ್ತು. ಉಪನ್ಯಾಸಕರಿಗೆ ನಾಲ್ಕನೇ ನಂಬರು ಬೇಕೇ ಬೇಕಾಗಿತ್ತು. ಸಾಹುಕಾರರ ಬಳಿ ಹೋದರು. ಸಾಹುಕಾರರು ಹೆಗಲ ಮೇಲಿನ ವಲ್ಲಿ ತೆಗೆದು ತಮ್ಮ ಕೈ ಮೇಲೆ ಹಾಸಿ, “ಒಳಗ ಕೈ ಹಾಕ್ರಿ” ಅಂದರು. ದನದ ಸಂತೆಯಲ್ಲಿ ವ್ಯಾಪಾರ ಮಾಡುವುದೇ ಹಾಗೆ. ಬಾಯಿ ಬಿಡುವಂತಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ಅಂಕಿ ತಿಳಿಸುವುದು.

ಉಪನ್ಯಾಸಕರು ಕೈ ಹಾಕಿ ನಾಲ್ಕು ಬೆರಳು ಒತ್ತಿದರು. ಸಾಹುಕಾರರು ಕಣ್ಣು ಮುಚ್ಚಿ ಯೋಚಿಸಿ ಒಂದು ಬೆರಳು ಒತ್ತಿದರು. ಒಬ್ಬರಿಗೊಬ್ಬರು ತಲೆಯಾಡಿಸಿದರು. ಇಬ್ಬರೂ ನಗುತ್ತ ನನ್ನ ಮೇಜಿಗೆ ಬಂದರು.

“ನಾಲ್ಕು ನನಗ ಬಂತು, ಬರಕೋರಿ” ಅಂದರು ಉಪನ್ಯಾಸಕರು.

“ನಾಲ್ಕು ಎಲ್ಲಿಂದ ಬಂತ್ರಿ? ನೀವು ನಲವತ್ತು ಕೊಟ್ರಿ, ನಾ ಹತ್ತು ಕೊಟ್ಟೆ” ಅಂದರು ಸಾಹುಕಾರರು. ಹತ್ತನೇ ನಂಬರು ಎಂದರೆ ತೂಕದವರೆಲ್ಲ ಮುಗಿದ ಮೇಲೆ ಅವರ ತಲೆಗೆ ಬಿದ್ದಿದ್ದ ನಲವತ್ತಾರು ಕೇಜಿಯ ಹುಡುಗ.

“ನಾ ಒತ್ತಿದ್ದು ನಾಲ್ಕು ಬೆರಳು! ನೀವು ಒಂದು ಒತ್ತಿದ್ರಿ, ಒಂದಕ್ಕೊಂದು ಅಂತ ತಿಳಕೊಂಡೆ!”

“ಬೆರಳಿಗೆ ಹತ್ತು ಅನ್ನೂದು ಸಂತಿಗೆ ಬಂದ ಕೂಸಿಗೂ ಗೊತ್ತದ. ನಿಮ್ಮ ಮನಿಯಾಗ ಎತ್ತು ಕೊಂಡವರು ಯಾರೂ ಇದ್ದಿಲ್ಲೇನು?”

“ಇದ್ದಿಲ್ರಿ” ಅಂದರು ಉಪನ್ಯಾಸಕರು. “ಎತ್ತು ಕೊಂಡವರು ನಿಮ್ಮ ಕಡೆಯವರು. ಅದರ ಹಿಂದ ದುಡಿದವರು ನಮ್ಮವರು.”

ಸಾಹುಕಾರರು ವಲ್ಲಿ ಝಾಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಆಮೇಲೆ ತಾವೇ, “ಹಂಗಾದ್ರ ಮುರೀರಿ. ನಿಮ್ಮ ಮಾಸ್ತರ್ನ ನೀವ ತಗೊಂಡು ಹೋಗ್ರಿ, ನನ್ನ ಹತ್ತು ನನಗ ಕೊಡ್ರಿ” ಅಂದರು.

ಉಪನ್ಯಾಸಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇರಲಿ ಬಿಡ್ರಿ. ಆಗಿದ್ದು ಆತು” ಅಂದರು.

೭. ಕಾಟಾ

ಹೀಗೆ ರಾಯಚೂರು ತಂಡಕ್ಕೆ ಬಂದೆ. ಸಾಹುಕಾರರು ಪಟ್ಟಿಯಲ್ಲಿ ನನ್ನ ತೂಕ ನೋಡಿದರು. ಅರವತ್ತೆಂಟು. ನನ್ನ ಹೊಟ್ಟೆ ನೋಡಿದರು. ಮತ್ತೆ ಪಟ್ಟಿ ನೋಡಿದರು. ಅದು ನನ್ನ ಕಾಲೇಜು ದಿನಗಳ ತೂಕ, ಬರೆಯುವಾಗ ಕೈ ತಾನೇ ಬರೆದುಬಿಟ್ಟಿತ್ತು.

ಭತ್ತದ ಚೀಲ ತೂಗುವ ಕಾಟಾ ಹತ್ತಿರ ಕರೆದುಕೊಂಡು ಹೋದರು. “ನಾನೇನು ಚೀಲ ಏನ್ರಿ?” ಅಂದೆ. “ಚೀಲ ಇಷ್ಟು ಮಾತಾಡಂಗಿಲ್ಲ, ಹತ್ತರಿ” ಅಂದರು. ಹತ್ತಿದೆ. ತೊಂಬತ್ನಾಲ್ಕು.

“ಇಪ್ಪತ್ತಾರು ಕೇಜಿ ಪುಕ್ಕಟ!” ಎಂದು ಸಾಹುಕಾರರು ಕೂಗಿದ್ದಕ್ಕೆ ಹಮಾಲರೆಲ್ಲ ಓಡಿ ಬಂದರು. ಕಂಡಕ್ಟರರು ಕೈಕುಲುಕಿದರು. ಉಪನ್ಯಾಸಕರು ಚಾರ್ಟು ತೆಗೆದು ನೋಡಿ, ಕೊನೆಯ ಆಯ್ಕೆಗೆ ಇಷ್ಟು ಬಂದದ್ದು ಹೌದು ಎಂದು ಹೊಟ್ಟೆ ಉರಿದುಕೊಂಡರು. ಬೆಳಗಿನಿಂದ ಕಚ್ಚಾಡಿದ ಮೂವರೂ ಡ್ರಾಫ್ಟಿನ ಅತ್ಯುತ್ತಮ ವ್ಯಾಲ್ಯೂ ನಾನೇ ಎಂದು ಒಪ್ಪಿದರು. ನಗಬೇಡಿ, ನನ್ನ ಕಣ್ಣಲ್ಲಿ ನೀರು ಬಂತು. ಅವತ್ತು ರಾಯಚೂರಿನಲ್ಲೇ ಉಳಿದು ಮರುದಿನ ಬೆಳಿಗ್ಗೆ ಐದಕ್ಕೇ ಬೂಟು ಕಟ್ಟಿಕೊಂಡು ಗ್ರೌಂಡು ಸುತ್ತಲು ಶುರುಮಾಡಿದೆ. ಎರಡನೇ ಸುತ್ತಿಗೆ ಸಾಹುಕಾರರ ಕಾರು ಅಡ್ಡ ಬಂತು.

“ಏ ಮಾಸ್ತರ, ನಿಲ್ರಿ! ಓಡಬ್ಯಾಡ್ರಿ! ತೂಕ ಇಳೀತದ!”

ಲೀಗ್ ಶುರುವಾಯಿತು. ಪ್ರತಿ ಪಂದ್ಯಕ್ಕೂ ನಾನು ಜರ್ಸಿ ಹಾಕಿಕೊಂಡು ಅಂಚಿನಲ್ಲಿ ಕೂರುವುದು, ಸಾಹುಕಾರರು ಮಿರ್ಚಿ ಭಜಿ ಪ್ಲೇಟು ಕಳಿಸುವುದು. “ಇವತ್ತರೆ ಇಳಸ್ರಿ” ಅಂದರೆ, “ಮೊದ್ಲ ತಿನ್ರಿ” ಅನ್ನುವುದು. ಕಾಟಾವನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ಗ್ರೌಂಡಿನ ಪಕ್ಕದಲ್ಲೇ ಇಡಿಸಿದ್ದರು. ನನಗೆ ಎಷ್ಟು ಸಂಕಟವಾಗಿತ್ತೆಂದರೆ ಅರ್ಧ ಭಜಿ ತಿರುಗಿ ಕಳಿಸುತ್ತಿದ್ದೆ.

ದೇವದುರ್ಗದ ಮೇಲೆ ಕೊನೆಯ ಪಂದ್ಯ. ಒಂದೊಂದು ಗೋಲು ಸಮ. ಐದು ನಿಮಿಷ ಉಳಿದಿರುವಾಗ ನಮ್ಮವನೊಬ್ಬನ ಕಾಲು ಉಳುಕಿತು. ಇನ್ನೊಬ್ಬ ಬದಲಿ ಆಟಗಾರನನ್ನು ಆಗಲೇ ಇಳಿಸಿ ಆಗಿತ್ತು. ಬೆಂಚಿನಲ್ಲಿ ಇದ್ದವನು ನಾನೊಬ್ಬ. ಸಾಹುಕಾರರು ಬಹಳ ಹೊತ್ತು ಒದ್ದಾಡಿ, ನನ್ನ ಎರಡೂ ಕೈ ಹಿಡಿದು, “ಹೋಗ್ರಿ ಮಾಸ್ತರ. ಆದ್ರ ನಡಕೋತ ಆಡ್ರಿ” ಅಂದರು.

ನಾನು ಓಡಿದೆ. ಐದು ನಿಮಿಷವೂ ಓಡಿದೆ. ಹತ್ತನೇ ನಂಬರಿನ ಆ ನಲವತ್ತಾರು ಕೇಜಿಯ ಹುಡುಗ ಎಲ್ಲರನ್ನೂ ದಾಟಿ ಬಂದು ಗೋಲಿಗೆ ಒದ್ದ ಚೆಂಡನ್ನು ಗೆರೆಯ ಮೇಲೆ ಬಿದ್ದು ಎದೆಯಿಂದ ತಡೆದೆ. ಮಾನ್ವಿಯಿಂದ ಬಂದಿದ್ದ ನನ್ನ ವಿದ್ಯಾರ್ಥಿಗಳು ಹುಚ್ಚೆದ್ದು ನನ್ನ ಹೆಸರು ಕೂಗಿದರು. ಕೊನೆಯ ಸೀಟಿ ಕೇಳಿತು. ಪಂದ್ಯ ಉಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಸುಖ ನಾನು ಕಂಡಿರಲಿಲ್ಲ. ಮಣ್ಣು ಮೆತ್ತಿದ ಮೈಯಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದರೆ ಸಾಹುಕಾರರು ಎರಡೂ ತೋಳು ಚಾಚಿ ಓಡಿ ಬಂದರು. ಅಪ್ಪಿಕೊಳ್ಳುತ್ತಾರೆಂದು ನಾನೂ ತೋಳು ಚಾಚಿದೆ.

ಅವರು ನನ್ನ ರಟ್ಟೆ ಹಿಡಿದು ಎಳೆದರು. “ಜಲ್ದಿ ಬರ್ರಿ, ಕಾಟಾ ಹತ್ತರಿ! ಎಷ್ಟು ನುಕ್ಸಾನ ಮಾಡೀರೋ ನೋಡೂನು!”