ಫಲಕದ ಮೇಲೆ ನನ್ನ ಹೆಸರು

ನನಗೆ ಹೊಟ್ಟೆಕಿಚ್ಚು ಅಂದರೇನೆಂದೇ ಗೊತ್ತಿರಲಿಲ್ಲ. ಅಂದೋಲಾ ಹತ್ತಿರದ ನಮ್ಮೂರಿನ ಗ್ರಾಮಸಭೆಯಲ್ಲಿ ಆ ವರ್ಷದ ರಸ್ತೆ ಕಾಮಗಾರಿಗಳ ಪಟ್ಟಿ ಓದುವವರೆಗೆ!

“ಮಲ್ಲಣ್ಣನವರ ಮನೆಯಿಂದ ಶಾಲೆಯವರೆಗೆ ಸಿ.ಸಿ. ರಸ್ತೆ” ಎಂದು ಓದಿದರು.

ಮಲ್ಲಣ್ಣ ನಮ್ಮ ಎದುರು ಮನೆಯವ. ಇಬ್ಬರ ಬಾಗಿಲಿಗೂ ಓಣಿ ಒಂದೇ. ಆದರೆ ಸರ್ಕಾರದ ಕಡತದಲ್ಲಿ ಅವನ ಹೆಸರು, ನಾಳೆ ಕಾಮಗಾರಿ ಫಲಕದ ಮೇಲೂ ಅವನದೇ ಹೆಸರು! ತಿರುಗಿ ನೋಡಿದರೆ ಆಸಾಮಿ ಶೇಂಗಾ ತಿನ್ನುತ್ತ ಕೂತಿದ್ದ. ಅವನಿಗದು ಕೇಳಿಸಿಯೂ ಇರಲಿಲ್ಲ. ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಮನೆಗೆ ಬಂದು ಹೆಂಡತಿ ಮಹಾದೇವಿಗೆ ಹೇಳಿದೆ.

“ರಸ್ತಾ ನಮ್ ಬಾಗಿಲ ಮುಂದನೂ ಬರ್ತದಲ್ರಿ?”

“ರಸ್ತಾ ಯಾರಿಗೆ ಬೇಕು ಬೇ? ಹೆಸರು!”

ರಸ್ತೆಗೆ ನನ್ನ ಹೆಸರು ಹಾಕಿರೆಂದು ಜೇವರ್ಗಿಯ ಕಚೇರಿಗೆ ಮೂರು ಸಲ ಹೋಗಿ ಅರ್ಜಿ ಕೊಟ್ಟೆ. ಕೊನೆಗೆ ಎಂಜಿನಿಯರ್ ಸಾಹೇಬರೇ ಬೇಸತ್ತು ಟೇಪು ಹಿಡಿದು ಓಣಿಗೆ ಬಂದರು.

“ನೋಡ್ರಿ ಸಿದ್ದಣ್ಣ, ನಿಮ್ಮ ಮನಿಯಿಂದ ಸುರು ಅಂತ ಬರೀಬೇಕಂದ್ರ ರಸ್ತಾ ನಿಮ್ಮ ಗ್ವಾಡಿಗೆ ಮುಟ್ಟಬೇಕು. ನಡುವ ಈ ಕಟ್ಟಿ ಅದಲ್ರಿ.”

ಅಪ್ಪ ಶಹಾಬಾದ್ ಕಲ್ಲು ಹಾಸಿ ಕಟ್ಟಿಸಿದ ಕಟ್ಟೆ ಅದು. ಸಂಜೆಯಾದರೆ ಅರ್ಧ ಊರು ಅಲ್ಲೇ. ನಾನು ಮಾತಾಡುತ್ತಿದ್ದೆ, ಉಳಿದವರು ಚಹಾ ಕುಡಿಯುತ್ತಿದ್ದರು.

“ತೆಗೀರಿ ಸಾಹೇಬ್ರ!” ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಗೀಚಿದೆ.

“ಬ್ಯಾಡ್ರೀ, ಕಟ್ಟಿ ಹೋದ್ರ ಎಲ್ಲಿ ಕೂಡ್ತೀರಿ?” ಎಂದಳು ಮಹಾದೇವಿ. ಅಭಿವೃದ್ಧಿಗೆ ಅಡ್ಡ ಬರಬಾರದೆಂದು ಅವಳಿಗೆ ಗಂಭೀರವಾಗಿ ತಿಳಿಹೇಳಿದೆ.

ಮಲ್ಲಣ್ಣನೂ ಬಂದ. “ಹೆಸರು ನಿಮ್ದೇ ಇರ್ಲಿ ಅಣ್ಣಾ. ನನ್ ಕಟ್ಟಿಗೆ ಮಾತ್ರ ಕೈ ಹಚ್ಚಬ್ಯಾಡಂತ ಹೇಳ್ರಿ.” ಎಂಥ ಮಂಕು ಮನುಷ್ಯ ಎಂದು ಒಳಗೊಳಗೇ ನಕ್ಕೆ.

ಜೆಸಿಬಿ ಬಂತು. ಕಟ್ಟೆ ಹೋಯಿತು. ರಸ್ತೆಯೂ ಆಯಿತು. ಫಲಕ ಬಂದ ದಿನ ನಾನು ತೆಂಗಿನಕಾಯಿ ಹಿಡಿದು ನಿಂತಿದ್ದೆ. ‘ಸಿದ್ದಣ್ಣನವರ ಮನೆಯಿಂದ...’ ಆಹಾ! ಅದನ್ನು ತಂದು ನಮ್ಮ ಬಾಗಿಲ ಪಕ್ಕದಲ್ಲೇ ನೆಟ್ಟರು, ಮುಖ ರಸ್ತೆಗೆ. ನಮ್ಮ ಹೊಸ್ತಿಲಲ್ಲಿ ನಿಂತರೆ ಕಾಣುವುದು ಅದರ ಬೆನ್ನು!

ಸಂಜೆಯ ಮಂದಿ ಮಲ್ಲಣ್ಣನ ಕಟ್ಟೆಗೆ ಹೋದರು. ನಾನು ನಾಲ್ಕು ದಿನ ಕಿಟಕಿಯಲ್ಲಿ ನಿಂತು ಅವರ ನಗು ಕೇಳಿದೆ. ಐದನೆಯ ದಿನ ತಡೆಯಲಾಗಲಿಲ್ಲ.

“ಬರ್ರಿ ಅಣ್ಣಾ, ಜಾಗಾ ಅದ” ಎಂದು ಮಲ್ಲಣ್ಣ ಸರಿದು ಕೂತ.

ಈಗ ದಿನಾ ಸಂಜೆ ಅಲ್ಲೇ ತುದಿಯಲ್ಲಿ ಕೂತು, ಅವನ ಚಹಾ ಕುಡಿಯುತ್ತ, ಎದುರಿನ ಫಲಕದ ಮೇಲೆ ನನ್ನ ಹೆಸರು ಓದುತ್ತೇನೆ. ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ಎಂಥ ಕಟ್ಟೆ ಅದು! ನೋಡಿದರೆ ಹೊಟ್ಟೆ ಉರಿಯುತ್ತದೆ.